ಪಥ್ಯವಿಲ್ಲದ ಮದ್ದು

ಕಾಪುವಿನ ಮನೆಗೆ ನಾನು ಹೋಗುತ್ತಿದ್ದುದು ಗುರುವಾರ. ಉದ್ಯಾವರದಲ್ಲಿ ಬಸ್ಸು ಹತ್ತಿ ಕಟಪಾಡಿ ದಾಟಿದರೆ ಕಾಪು ದೂರವೇನಲ್ಲ. ಪೇಟೆಯಲ್ಲಿ ಇಳಿದ ಮೇಲಿನದು ಹೊಯಿಗೆಯ ದಾರಿ, ಕಾಲು ಹೂತುಹೋಗುವ ಮರಳು. ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಕೊಡೆ ಬಿಡಿಸಿಕೊಂಡು ತೆಂಗಿನ ಮರಗಳ ನೆರಳಿನಿಂದ ನೆರಳಿಗೆ ನಡೆಯುತ್ತಿದ್ದೆ. ದಾರಿಬದಿಯ ಅಂಗಡಿಯವನು ನನ್ನನ್ನು ನೋಡಿದ ಕೂಡಲೇ ಒಳಗೆ ಯಾರಿಗೋ ಏನೋ ಹೇಳುತ್ತಿದ್ದ. ಮೊದಲು ಅದು ನನಗೆ ಅರ್ಥವಾಗುತ್ತಿರಲಿಲ್ಲ.

ನಾನು ನರ್ಸೂ ಅಲ್ಲ, ಟೀಚರೂ ಅಲ್ಲ. ಮಣಿಪಾಲದ ಆಸ್ಪತ್ರೆಗೆ ಮನಸ್ಸಿನ ಕಾಯಿಲೆಯವರು ಬಂದು, ಡಾಕ್ಟರಿಗೆ ತೋರಿಸಿ, ಮಾತ್ರೆ ಕಟ್ಟಿಸಿಕೊಂಡು ಊರಿಗೆ ಹೋಗುತ್ತಿದ್ದರು. ಊರಿನಲ್ಲಿ ಅವರು ಹೇಗೆ ಏಳುತ್ತಾರೆ, ಏನು ತಿನ್ನುತ್ತಾರೆ, ಸ್ನಾನ ಮಾಡುತ್ತಾರೋ ಇಲ್ಲವೋ, ಹಗಲಿಡೀ ಎಲ್ಲಿ ಕುಳಿತಿರುತ್ತಾರೆ ಎಂದು ನೋಡುವವರು ಇರಲಿಲ್ಲ. ಕಾನ್ವೆಂಟಿನಲ್ಲಿ ನನಗೆ ಹೊಲಿಗೆ ಕಲಿಸಿದ ಸಿಸ್ಟರು ಆ ಕೆಲಸಕ್ಕೆ ನಮ್ಮಂಥ ಕೆಲವು ಹೆಂಗಸರನ್ನು ಒಟ್ಟು ಮಾಡಿದರು. ಒಂದು ಭಾನುವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿ, "ನಿನ್ನ ಗಂಡ ಬಹರೈನಿನಲ್ಲಿ. ಅತ್ತೆ ತೀರಿಕೊಂಡರು. ಮನೆಯಲ್ಲಿ ಒಬ್ಬಳೇ ಕೂತು ಎಂತ ಮಾಡುತ್ತಿ?" ಎಂದರು.

"ಕ್ರೋಶ ಹಾಕುತ್ತೇನೆ ಸಿಸ್ಟರ್."

"ನಿನ್ನ ಮನೆಯಲ್ಲಿ ಮೇಜುಗಳು ಎಷ್ಟುಂಟು ಮಗಾ, ಅಷ್ಟೊಂದು ಬಟ್ಟೆ ಹೊದಿಸಲಿಕ್ಕೆ?"

ಹಾಗೆ ನಾನು ಹೋದೆ. ಒಬ್ಬರು ಯುವ ಡಾಕ್ಟರು ನಮಗೆ ಕೆಲವು ದಿನ ಪಾಠ ಮಾಡಿದರು. ಏನನ್ನು ನೋಡಬೇಕು ಎಂಬುದಷ್ಟೇ ಪಾಠ. ಎರಡು ಕೈಗಳನ್ನು ಮುಂದಕ್ಕೆ ಚಾಚಲು ಹೇಳಬೇಕು. ಬೆರಳ ತುದಿ ಸಣ್ಣಗೆ ನಡುಗಿದರೆ ಅದು ಮದ್ದಿನ ಗುಣ, ಹೆದರಬೇಕಾಗಿಲ್ಲ. ಕೈಯೇ ಎತ್ತಿ ಹಾಕಿದ ಹಾಗೆ ಅಲುಗಿದರೆ ತಿಳಿಸಬೇಕು. ನಡೆಯುವಾಗ ಕೈ ಬೀಸುತ್ತಾರೋ, ಮುಖದಲ್ಲಿ ನಗು ಬಂದು ಹೋಗುತ್ತದೋ, ಉಗುರು ಕತ್ತರಿಸಿದ್ದಾರೋ. ಕೆಲವು ಮಾತ್ರೆಗಳಿಂದ ಬಿಸಿಲಿಗೆ ಚರ್ಮ ಸುಡುತ್ತದೆ, ಅಂಥವರನ್ನು ಹೊತ್ತು ಏರುವ ಮೊದಲೇ ನಡೆಸಬೇಕು. ಹೊತ್ತಿಗೆ ಸರಿಯಾಗಿ ನಿದ್ದೆ, ಹೊತ್ತಿಗೆ ಸರಿಯಾಗಿ ಏಳುವುದು, ಕೈಗೊಂದು ಕೆಲಸ. ಕೊನೆಗೆ ಸಿಸ್ಟರು ಒಂದು ನಿಯಮ ಸೇರಿಸಿದರು: ಮಾತ್ರೆಗೆ ಕೈ ಹಾಕಬಾರದು. ಕೊಡಿ ಎಂದೂ ಹೇಳಬಾರದು, ಬೇಡ ಎಂದೂ ಹೇಳಬಾರದು. ಅದು ಡಾಕ್ಟರ ಕೆಲಸ.

ರೋಗಿಗಳ ಹೆಸರನ್ನು ನಾವು ಹೊರಗೆ ಆಡುತ್ತಿರಲಿಲ್ಲ. ಊರಿನ ಹೆಸರು ಹೇಳುತ್ತಿದ್ದೆವು. ನನ್ನ ಪಾಲಿಗೆ ಬಂದದ್ದು ಕಾಪು.

ಕಾಪುವಿನವಳು ನನಗಿಂತ ಸ್ವಲ್ಪ ಚಿಕ್ಕವಳು. ಮದುವೆಯಾಗಿ ಹೋದ ಮನೆಯಿಂದ ವಾಪಸು ಬಂದು ತಾಯಿಯ ಜೊತೆ ಇದ್ದಳು. ಅವಳದು ಏರಿಳಿತದ ಕಾಯಿಲೆ. ಏರಿದಾಗ ನಿದ್ದೆಯಿಲ್ಲದೆ ದಿನಗಟ್ಟಲೆ ಮಾತು, ಹಾಡು, ನಡಿಗೆ. ಮನೆಯ ಅಕ್ಕಿಮುಡಿ ಬಿಚ್ಚಿ ದಾರಿಯಲ್ಲಿ ಹೋಗುವವರಿಗೆಲ್ಲ ಅಳೆದು ಕೊಟ್ಟಿದ್ದಳಂತೆ. ಇಳಿದಾಗ ಗೋಡೆಗೆ ಮುಖ ಮಾಡಿ ಮಲಗುವುದು. ಎರಡು ಸಲ ಹೀಗಾದ ಮೇಲೆ ಮಣಿಪಾಲದಲ್ಲಿ ಅವಳಿಗೆ ಲಿಥಿಯಂ ಮಾತ್ರೆ ಸುರು ಮಾಡಿದ್ದರು. ಮನೆಯ ಯಜಮಾನಿಕೆ ತಾಯಿಯ ತಮ್ಮನದು. ಆತ ಮಲ್ಪೆಯಲ್ಲಿ ಬೋಟಿನ ತಂಡೇಲ, ಸಮುದ್ರದ ಮೇಲೆ ಬೋಟು ನಡೆಸಿ ನಾಲ್ಕು ಜನರಿಗೆ ಅಪ್ಪಣೆ ಕೊಟ್ಟು ಅಭ್ಯಾಸ. ಮೊದಲ ದಿನವೇ, ಕ್ರಿಸ್ತಾಂವ ಹೆಂಗಸರನ್ನು ನಮ್ಮ ಕಡೆ ಕರೆಯುವ ಹಾಗೆ ಬಾಯಮ್ಮ ಎಂದು ಕರೆದು, ನನಗೆ ಹೇಳಿಬಿಟ್ಟಿದ್ದರು.

"ನೋಡಿ ಬಾಯಮ್ಮ, ನೀವು ಬನ್ನಿ, ಬೇಡ ಅನ್ನುವುದಿಲ್ಲ. ಆದರೆ ಇದು ಇನ್ನೊಂದು ಸಲ ಕೆದರಿದರೆ ನಾನು ಇವಳನ್ನು ಘಟ್ಟದ ಮೇಲೆ ದೊಡ್ಡ ಹುಚ್ಚಾಸ್ಪತ್ರೆಗೆ ಸೇರಿಸಿ ಬರುವವನೇ. ಅಕ್ಕನಿಗೆ ಪ್ರಾಯ ಆಯಿತು. ನಾನು ಬೋಟಿನಲ್ಲಿ. ಹಿಡಿದು ಕಟ್ಟಲಿಕ್ಕೆ ಮನೆಯಲ್ಲಿ ಜನ ಇಲ್ಲ."

"ಸೇರಿಸಿದರೆ ಎಷ್ಟು ಸಮಯಕ್ಕೆ?" ಎಂದು ಕೇಳಿದೆ.

ತಂಡೇಲರು ಎದ್ದು ಚಪ್ಪಲಿ ಮೆಟ್ಟಿಕೊಂಡರು. ಸೇರಿಸಿದವರು ಕರೆತರಲು ಹೋಗುವುದಿಲ್ಲ ಎಂಬುದು ನಮಗಿಬ್ಬರಿಗೂ ತಿಳಿದಿತ್ತು.

ನಾವು ಮಾತಾಡುತ್ತಿದ್ದುದು ತುಳುವಿನಲ್ಲಿ. ನನ್ನ ತುಳುವಿಗೆ ಕೊಂಕಣಿಯ ರಾಗ ಉಂಟೆಂದು ಅವಳು ನಗುತ್ತಿದ್ದಳು. ಮೊದಮೊದಲು ಅವಳು ಚಾವಡಿಯ ಕಂಬಕ್ಕೆ ಒರಗಿ ಕೂತಲ್ಲೇ ಕೂತಿರುತ್ತಿದ್ದಳು. ಕೆಲಸ ಮುಟ್ಟಿದರೆ ತಾಯಿ ಓಡಿ ಬಂದು, "ನೀನು ಎಂತದೂ ಮಾಡುವುದು ಬೇಡ, ಕೂತುಕೋ" ಎಂದು ಪೊರಕೆ ಕಸಿದುಕೊಳ್ಳುತ್ತಿದ್ದರು. ಪ್ರೀತಿಯಿಂದಲೇ. ಮಾತ್ರೆಯಿಂದ ಬರುವ ಬಾಯಾರಿಕೆಗೆ ಸಕ್ಕರೆ ಹಾಕಿದ ಚಹಾ ಮೇಲಿಂದ ಮೇಲೆ ಕೊಡುತ್ತಿದ್ದರು. ಚಹಾದ ಬದಲು ನೀರು ಕುಡಿಸಲು ನನಗೆ ಬಹಳ ದಿನ ಬೇಕಾಯಿತು.

ಹತ್ತಿರದಲ್ಲೇ ನಮ್ಮ ಕ್ರಿಸ್ತಾಂವ ಮನೆಯೊಂದರ ಮಲ್ಲಿಗೆ ತೋಟವಿತ್ತು. ಆ ಮನೆಯಾಕೆ ನನಗೆ ಇಗರ್ಜಿಯಲ್ಲಿ ಪರಿಚಯ. ಬೆಳಗ್ಗೆ ಮೊಗ್ಗು ಕೊಯ್ಯಲು ಕೈ ಬೇಕಿತ್ತು, ನಾನು ಕೇಳಿಕೊಂಡೆ. ಬೆಳಗಿನ ಕೊಯ್ಲಿಗೆ ಹೋಗಬೇಕೆಂದರೆ ರಾತ್ರಿ ಹೊತ್ತಿಗೆ ಮಲಗಬೇಕು. ಹೊತ್ತಿಗೆ ಮಲಗಿದರೆ ಕಾಯಿಲೆ ಏರುವ ಭಯ ಕಡಿಮೆ. ಹೀಗೆ ಮಲ್ಲಿಗೆ ಗಿಡಗಳೇ ಅವಳ ದಿನಕ್ಕೊಂದು ಕಟ್ಟು ಹಾಕಿದವು. ಮೊಗ್ಗು ಕೊಯ್ದು ತಂದು ಬಾಳೆನಾರಿನಲ್ಲಿ ಒತ್ತೊತ್ತಾಗಿ ಕಟ್ಟುವಾಗ ಅವಳ ಬೆರಳ ತುದಿ ಸಣ್ಣಗೆ ನಡುಗುತ್ತಿತ್ತು, ಆದರೆ ಒಂದು ನಾರೂ ಹರಿಯುತ್ತಿರಲಿಲ್ಲ.

"ಬಾಯಮ್ಮ, ಸತ್ಯ ಹೇಳಿ. ನೀವು ಬರುವುದು ನನ್ನನ್ನು ನೋಡಲಿಕ್ಕಾ, ಅಮ್ಮನ ಬಂಗುಡೆ ಸಾರಿಗಾ?"

"ಸಾರಿಗೇ. ನಿನ್ನ ಮುಖದಲ್ಲಿ ಎಂತ ಉಂಟು ನೋಡಲಿಕ್ಕೆ?"

ತಾಯಿ ಒಳಗಿಂದ, "ಇಬ್ಬರಿಗೂ ಒಂದೇ ಮದ್ದು ಆಗಬೇಕು" ಎನ್ನುತ್ತಿದ್ದರು. ನಾವು ಮೂವರೂ ನಗುತ್ತಿದ್ದೆವು. ಗುರುವಾರ ಮಧ್ಯಾಹ್ನ ಉದ್ಯಾವರದ ಮನೆಗೆ ಮರಳಿ ಬೀಗ ತೆಗೆಯುವಾಗ ಆ ನಗುವಿನ ಸ್ವಲ್ಪ ಭಾಗ ಮುಖದಲ್ಲಿ ಉಳಿದಿರುತ್ತಿತ್ತು. ಒಳಗೆ ಹೋದ ಮೇಲೆ ಅದನ್ನು ಯಾರಿಗೆ ತೋರಿಸುವುದೆಂದು ತಿಳಿಯದೆ ರೇಡಿಯೋ ಹಾಕುತ್ತಿದ್ದೆ.

ಬೇಸಿಗೆ ಬಂತು. ಸಮುದ್ರದ ಕಡೆಯ ಬೇಸಿಗೆ ಎಂದರೆ ಬೆವರು. ಮಲ್ಲಿಗೆಗೂ ಅದೇ ಕಾಲ, ಬುಟ್ಟಿ ತುಂಬ ಮೊಗ್ಗು. ಅಷ್ಟರಲ್ಲಿ ಕಾಪುವಿನವಳ ಮೈ ತುಂಬಿಕೊಂಡಿತ್ತು. ಆ ಮಾತ್ರೆಯಿಂದ ಹಾಗಾಗುವುದುಂಟು, ಡಾಕ್ಟರು ಮೊದಲೇ ಹೇಳಿದ್ದರು. ಆದರೆ ಬಾವಿಕಟ್ಟೆಯಲ್ಲಿ ನೆರೆಮನೆಯಾಕೆ ಎಲ್ಲರೆದುರು, "ಎಂತ ಮಾರಾಯ್ತಿ, ತಲೆ ಸರಿಯಿಲ್ಲದವರಿಗೆ ಇಷ್ಟು ಮೈ ಬರ್ತದಾ?" ಎಂದಳಂತೆ. ಅವಳು ಅದನ್ನು ನನಗೆ ಹೇಳಿದಾಗ ರವಿಕೆಯ ಬಿಚ್ಚಿದ ಹೊಲಿಗೆಯನ್ನು ಸೆರಗಿನಿಂದ ಮುಚ್ಚಿಕೊಂಡಿದ್ದಳು. ಮುಂದಿನ ಸಲ ಬರುವಾಗ ಸೂಜಿ ದಾರ ತಂದು ಅಗಲ ಮಾಡಿ ಕೊಡುತ್ತೇನೆ ಎಂದೆ. ಸಂಜೆ ಸಮುದ್ರದ ದಂಡೆಯಲ್ಲಿ ನಡೆ ಎಂದೆ.

ಮುಂದಿನ ಗುರುವಾರ ನನಗೆ ಜ್ವರ, ಹೋಗಲಾಗಲಿಲ್ಲ. ಅದರ ಮುಂದಿನ ಗುರುವಾರ ಸೂಜಿ ದಾರ ಕಟ್ಟಿಕೊಂಡು ಹೋದಾಗ ಅಂಗಳದ ಹೊರಗೆ ಒಂದು ಬಾಡಿಗೆ ಕಾರು ನಿಂತಿತ್ತು. ಚಾಲಕ ಬಾನೆಟ್ ತೆಗೆದು ನೀರು ತುಂಬಿಸುತ್ತಿದ್ದ. ಚಾವಡಿಯಲ್ಲಿ ಒಂದು ಟ್ರಂಕು. ತಂಡೇಲರು ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ತಯಾರಾಗಿದ್ದರು.

"ಪುನಃ ಸುರು ಆಯಿತು ಬಾಯಮ್ಮ. ನಾನು ಹೇಳಿದ್ದೆನಲ್ಲ."

"ಏನಾಯಿತು?"

"ಎಂತ ಆಗುವುದು? ಮೂರು ದಿನದಿಂದ ಕುಡಿದವರ ಹಾಗೆ ನಡಿಗೆ. ಮಾತು ತೊದಲು. ಕೈಯಲ್ಲಿ ಹಿಡಿದದ್ದು ನಿಲ್ಲುವುದಿಲ್ಲ. ನಿನ್ನೆ ಮಲ್ಲಿಗೆ ಬುಟ್ಟಿಯನ್ನೇ ಚೆಲ್ಲಿ ಹಾಕಿದ್ದಾಳೆ. ಈಗ ಹೊರಟರೆ ಸಂಜೆಯೊಳಗೆ ಘಟ್ಟ ದಾಟಬಹುದು."

ಒಳಗೆ ಅವಳು ಚಾಪೆಯ ಮೇಲೆ ಗೋಡೆಗೆ ಒರಗಿದ್ದಳು. ಹೊರಡಲೆಂದು ತಾಯಿ ಹೊಸ ಸೀರೆ ಉಡಿಸಿದ್ದರು. ನಾನು ಎದುರು ಕೂತು ಕೈ ಚಾಚಲು ಹೇಳಿದೆ. ಚಾಚಿದಳು. ಗಾಳಿಗೆ ಬಾಳೆ ಎಲೆ ಅಲ್ಲಾಡಿದ ಹಾಗೆ ಮಣಿಕಟ್ಟಿನಿಂದಲೇ ಕೈ ಎದ್ದು ಬೀಳುತ್ತಿತ್ತು. ಎಬ್ಬಿಸಿ ನಿಲ್ಲಿಸಿದೆ. ಕಾಲು ಅಗಲ ಮಾಡಿ, ಬೋಟಿನ ಹಲಗೆಯ ಮೇಲೆ ನಿಂತವರ ಹಾಗೆ ತೂಗಿದಳು. ಬಾಯಿ ಒಣಗಿತ್ತು. ಭೇದಿಯೂ ಆಗುತ್ತಿದೆ ಎಂದು ತಾಯಿ ಮೆಲ್ಲಗೆ ಹೇಳಿದರು.

ಆಗ ಅವಳು ನನ್ನನ್ನು ನೋಡಿ, ಒಂದೊಂದೇ ಅಕ್ಷರವನ್ನು ನಾಲಗೆಯಿಂದ ಎತ್ತಿಡುವಂತೆ ಹೇಳಿದಳು: "ಇವತ್ತು... ಸಾರು... ಇಲ್ಲ ಬಾಯಮ್ಮ."

ನನಗೆ ಅಲ್ಲಿ ಏನೋ ತಟ್ಟಿತು. ಹಿಂದೆ ಕಾಯಿಲೆ ಏರಿದಾಗ ಇವಳ ನಾಲಗೆ ಮನಸ್ಸಿಗಿಂತ ಮುಂದೆ ಓಡುತ್ತಿತ್ತು, ಎದುರಿಗಿದ್ದವರು ಯಾರೆಂಬುದೇ ಇರುತ್ತಿರಲಿಲ್ಲ ಎಂದು ತಾಯಿಯೇ ಹೇಳಿದ್ದರು. ಇವತ್ತು ನಾಲಗೆ ಎಳೆಯಲಾರದೆ ಎಳೆಯುತ್ತಿದೆ, ಆದರೆ ಹೇಳಿದ್ದು ಹಳೆಯ ತಮಾಷೆ. ಮನಸ್ಸು ಇದ್ದಲ್ಲೇ ಉಂಟು. ಕೆಟ್ಟಿರುವುದು ಮೈ.

"ಸಾರು ಯಾಕಿಲ್ಲ?" ಎಂದು ತಾಯಿಯನ್ನು ಕೇಳಿದೆ.

"ಪಥ್ಯ ಅಲ್ವಾ ಬಾಯಮ್ಮ."

ಅಡುಗೆಮನೆಗೆ ಹೋದೆ. ಬೆಳಗ್ಗಿನ ಗಂಜಿ ಬಟ್ಟಲಿನಲ್ಲಿ ಅರ್ಧ ಉಳಿದಿತ್ತು. ಪಕ್ಕದಲ್ಲಿ ಉಪ್ಪಿನಕಾಯಿ ಇಲ್ಲ, ಸುಟ್ಟ ಒಣಮೀನಿನ ತುಂಡಿಲ್ಲ, ಚಟ್ನಿ ಇಲ್ಲ. ಬೆರಳು ಅದ್ದಿ ನಾಲಗೆಗೆ ಮುಟ್ಟಿಸಿದೆ. ಬರೀ ಸಪ್ಪೆ.

"ಉಪ್ಪು ಹಾಕುವುದಿಲ್ಲವಾ?"

"ಮೈ ಊದಿದ್ದು ಉಪ್ಪಿನಿಂದ ಅಂತ ನಾಟಿ ಮದ್ದಿನವರು ಹೇಳಿದರು. ಉಪ್ಪು, ಹುಳಿ, ಮೀನು, ಮೂರೂ ಬಿಡಿಸಿದ್ದೇನೆ. ನೀರೂ ಕಡಿಮೆ."

"ಡಾಕ್ಟರು ಉಪ್ಪು ಬಿಡಬಾರದು ಅಂತ ಹೇಳಿದ್ದರಲ್ಲ ಅಮ್ಮ. ಯಾವತ್ತಿನ ಹಾಗೆ ತಿನ್ನಲಿ, ನೀರು ಕುಡಿಯಲಿ ಅಂತ."

"ಹೇಳಿದ್ದರು. ಅವರು ಸಣ್ಣ ಪ್ರಾಯದವರು, ಪಥ್ಯದ ವಿಷಯ ಅವರಿಗೆ ತಿಳಿಯದು ಅಂದುಕೊಂಡೆ. ಇಷ್ಟು ದೊಡ್ಡ ಕಾಯಿಲೆಗೆ ಕೊಡುವ ಮದ್ದು. ಪಥ್ಯ ಇಲ್ಲದ ಮದ್ದು ಒಂದು ಮದ್ದಾ ಬಾಯಮ್ಮ?"

ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ನಮ್ಮ ಮನೆಗಳಲ್ಲೂ ಬಾಣಂತಿಗೆ, ಜ್ವರಕ್ಕೆ, ಕಾಮಾಲೆಗೆ ಎಲ್ಲಕ್ಕೂ ಪಥ್ಯವೇ ಅರ್ಧ ಚಿಕಿತ್ಸೆ. ಮದ್ದು ಕೊಡುವುದು ವೈದ್ಯರು, ಪಥ್ಯ ಹಿಡಿಸುವುದು ತಾಯಿ. ಮಗಳಿಗಾಗಿ ಮಾಡಲು ಅವರ ಪಾಲಿಗೆ ಇದ್ದದ್ದು ಅದೊಂದೇ. ಆದರೆ ಡಾಕ್ಟರು ಪಾಠದಲ್ಲಿ ಹೇಳಿದ್ದು ನೆನಪಿತ್ತು. ಉಪ್ಪು ಕಡಿಮೆಯಾದರೆ, ಬೆವರಿ ನೀರು ಕಡಿಮೆಯಾದರೆ, ಈ ಮಾತ್ರೆ ಹೊರಗೆ ಹೋಗದೆ ರಕ್ತದಲ್ಲೇ ನಿಲ್ಲುತ್ತದೆ. ನಿಂತು ನಿಂತು ವಿಷವಾಗುತ್ತದೆ.

ತಾಯಿ ಒಲೆಯ ದಂಡೆಯಿಂದ ಮಾತ್ರೆ ಮತ್ತು ನೀರಿನ ಲೋಟ ತೆಗೆದುಕೊಂಡರು. "ಮಾತ್ರೆ ಕೊಟ್ಟೇ ಹೊರಡಿಸುತ್ತೇನೆ. ದಾರಿಯಲ್ಲಿ ತಪ್ಪಬಾರದು."

ಸಿಸ್ಟರ ನಿಯಮ ನನ್ನ ಕಿವಿಯಲ್ಲಿತ್ತು. ಶಾಲೆಯಲ್ಲಿ ಸಾಲು ತಪ್ಪಿ ನಡೆಯದವಳು ನಾನು. ಕೇಳಲು ಹತ್ತಿರದಲ್ಲಿ ಯಾರೂ ಇರಲಿಲ್ಲ, ಫೋನೂ ಇರಲಿಲ್ಲ. ನಾನು ಹೇಳಿದ್ದು ತಪ್ಪಾದರೆ, ಮಾತ್ರೆ ನಿಲ್ಲಿಸಿದ್ದರಿಂದಲೇ ಕಾಯಿಲೆ ಕೆದರಿದರೆ, ಅವಳನ್ನು ಘಟ್ಟ ಹತ್ತಿಸಿದವಳು ನಾನೇ ಆಗುತ್ತಿದ್ದೆ. ಆ ಅಡುಗೆಮನೆಯಲ್ಲಿ ನಿಂತಷ್ಟು ಒಂಟಿಯಾಗಿ ನಾನು ನನ್ನ ಖಾಲಿ ಮನೆಯಲ್ಲೂ ನಿಂತಿರಲಿಲ್ಲ.

ತಾಯಿಯ ಅಂಗೈ ಮೇಲೆ ನನ್ನ ಕೈ ಇಟ್ಟು ಮುಚ್ಚಿದೆ. "ಬೇಡ ಅಮ್ಮ. ಇದನ್ನು ಇವತ್ತು ಕೊಡಬೇಡಿ."

ಹೊರಗೆ ಬಂದು ತಂಡೇಲರಿಗೆ ಹೇಳಿದೆ. ಧ್ವನಿ ನನ್ನದೇ ಎಂದು ಅನಿಸಲಿಲ್ಲ. "ತಂಡೇಲರೇ, ಇದು ಹುಚ್ಚಲ್ಲ. ಮದ್ದು ಮೈಯಲ್ಲಿ ಹೆಚ್ಚಾಗಿ ವಿಷ ಆದದ್ದು. ಕಾರು ಹೇಗೂ ಉಂಟು. ಘಟ್ಟಕ್ಕೆ ಹೋಗುವ ದಾರಿಯಲ್ಲೇ ಮಣಿಪಾಲ. ಮೊದಲು ಅಲ್ಲಿ ರಕ್ತ ನೋಡಲಿ. ಹುಚ್ಚೇ ಅಂತ ಡಾಕ್ಟರು ಹೇಳಿದರೆ ಅಲ್ಲಿಂದಲೇ ನೀವು ಮುಂದೆ ಹೋಗಿ. ನಾನು ಅಡ್ಡ ಬರುವುದಿಲ್ಲ."

"ನಿಮಗೆ ಹೇಗೆ ಗೊತ್ತು?"

"ಗೊತ್ತಿಲ್ಲ. ಹಾಗೆ ಕಾಣುತ್ತದೆ."

ಗೊತ್ತುಂಟು ಎಂದು ನಾನು ಹೇಳಿದ್ದರೆ ಬಹುಶಃ ಆತ ಒಪ್ಪುತ್ತಿರಲಿಲ್ಲ. "ಟ್ರಂಕು ಹಿಂದೆ ಹಾಕು" ಎಂದು ಚಾಲಕನಿಗೆ ಹೇಳಿದರು. ಟ್ರಂಕು ನಮ್ಮ ಜೊತೆಗೇ ಬಂತು.

ಕಾರಿನಲ್ಲಿ ಅವಳ ತಲೆ ನನ್ನ ಹೆಗಲ ಮೇಲಿತ್ತು. ಉಡುಪಿ ದಾಟುವಷ್ಟರಲ್ಲಿ ಕರೆದರೆ ಕಣ್ಣು ತೆರೆಯುತ್ತಿರಲಿಲ್ಲ.

ಮಣಿಪಾಲದಲ್ಲಿ ಡಾಕ್ಟರು ಕೈ ನೋಡಿದರು, ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ಬಡಿದು ನೋಡಿದರು, ರಕ್ತ ತೆಗೆದು ಕಳಿಸಿದರು. ಪರೀಕ್ಷೆಯ ಉತ್ತರ ಬರುವ ಮೊದಲೇ ಉಪ್ಪುನೀರಿನ ಬಾಟಲಿ ತೂಗುಹಾಕಿಸಿದರು. ಸಂಜೆ ಬಂದು, "ಲಿಥಿಯಂ ಜಾಸ್ತಿಯಾಗಿದೆ. ಮತ್ತೊಂದೆರಡು ಸಲ ಮಾತ್ರೆ ಹೋಗಿದ್ದರೆ ಕಷ್ಟವಿತ್ತು" ಎಂದರು. ತಾಯಿ ಕೆಳಗೆ ನೆಲದಲ್ಲಿ ಕೂತುಬಿಟ್ಟರು.

"ಅಂದರೆ ನಾನೇ ಕೊಟ್ಟದ್ದಾ ವಿಷ?"

ಡಾಕ್ಟರು ಅವರೆದುರು ಕುಕ್ಕರಗಾಲಿನಲ್ಲಿ ಕೂತು, "ಇಲ್ಲ ಅಮ್ಮ, ನೀವು ಕೊಟ್ಟದ್ದು ಪಥ್ಯ" ಎಂದರು.

ಅವರು ಹೋದ ಮೇಲೆ ತಾಯಿ ನನ್ನ ಸೆರಗು ಹಿಡಿದುಕೊಂಡರು. "ನಾನೂ ಉಪ್ಪು ಬಿಟ್ಟಿದ್ದೆ ಬಾಯಮ್ಮ. ಅವಳೊಬ್ಬಳೇ ಸಪ್ಪೆ ಯಾಕೆ ತಿನ್ನಬೇಕು ಅಂತ." ಅವರ ತುಟಿಗಳೂ ಒಡೆದಿದ್ದನ್ನು ಆಗ ನೋಡಿದೆ. ಇಬ್ಬರು ಎದುರುಬದುರು ಕೂತು ಸಪ್ಪೆ ಗಂಜಿ ಕುಡಿಯುವ ಚಿತ್ರ ನನ್ನ ಕಣ್ಣಿಗೆ ಬಂತು. ನನಗೆ ಬಂದದ್ದು ಕನಿಕರವಲ್ಲ. ನನ್ನೆದುರೂ ಯಾರಾದರೂ ಹಾಗೆ ಕೂತಿದ್ದರೆ ಎಂಬ, ಹೇಳಿಕೊಳ್ಳಲು ನಾಚಿಕೆಯಾಗುವಂಥ ಒಂದು ಆಸೆ.

ಸಿಸ್ಟರಿಗೆ ಸುದ್ದಿ ಮುಟ್ಟಿತ್ತು. ಮರುದಿನ ವಾರ್ಡಿಗೆ ಬಂದು ನನ್ನನ್ನು ವರಾಂಡಕ್ಕೆ ಕರೆದರು.

"ಮಾತ್ರೆಗೆ ಕೈ ಹಾಕಬಾರದು ಅಂತ ಹೇಳಿದ್ದೆನಲ್ಲ ಮಗಾ."

"ಹೌದು ಸಿಸ್ಟರ್."

"ಇನ್ನೊಮ್ಮೆ ಹೀಗೇ ಬಂದರೆ?"

"ಇನ್ನೊಮ್ಮೆಯೂ ಹಾಕುತ್ತೇನೆ ಸಿಸ್ಟರ್."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಅದರಲ್ಲಿ ಧೂಳು ಇರಲಿಲ್ಲ. ಮತ್ತೆ ಆ ವಿಷಯ ಎತ್ತಲಿಲ್ಲ.

ಅವಳ ನಾಲಗೆ ತಿಳಿಯಾಗಲು, ಕಾಲು ನೆಲ ಹಿಡಿಯಲು ಸಮಯ ಹಿಡಿಯಿತು. ನಾನು ದಿನವೂ ಹೋಗುತ್ತಿದ್ದೆ. ಮೊದಲ ಬಾರಿಗೆ ಸರಿಯಾಗಿ ಮಾತಾಡಿದ ದಿನ ಅವಳು ಕೇಳಿದ್ದು ಒಂದೇ: "ಟ್ರಂಕು ಎಲ್ಲುಂಟು?" ಮಂಚದ ಕೆಳಗಿತ್ತು. ನಾನು ಅದನ್ನು ಕಾಲಿನಿಂದ ಹಿಂದಕ್ಕೆ ತಳ್ಳಿದೆ. ಅವಳಿಗೆ ಶಬ್ದ ಕೇಳಿತು.

ತಂಡೇಲರ ಮನಸ್ಸು ಇನ್ನೂ ಇತ್ಯರ್ಥವಾಗಿರಲಿಲ್ಲ. "ಇವತ್ತು ಉಪ್ಪು, ನಾಳೆ ಇನ್ನೊಂದು. ಯಾರು ಕಾಯುವುದು?" ಎಂದು ವಾರ್ಡಿನ ಬಾಗಿಲಲ್ಲೇ ನಿಂತು ಹೇಳುತ್ತಿದ್ದರು, ಅವಳಿಗೆ ಕೇಳುವಂತೆ. ಅದು ಕ್ರೂರತನವಾಗಿರಲಿಲ್ಲ. ಅವರಿಗೂ ಉತ್ತರ ಬೇಕಿತ್ತು.

ಬಿಡುಗಡೆಯ ದಿನ ಅದೇ ಕಾರು ತಂದರು. ತಾಯಿ, ಮಗಳು, ನಾನು ಹಿಂದೆ ಕೂತೆವು. ಟ್ರಂಕನ್ನು ಚಾಲಕ ಡಿಕ್ಕಿಗೆ ಹಾಕಿದ. ಆಸ್ಪತ್ರೆಯ ಗೇಟಿನಿಂದ ಹೊರಬಿದ್ದರೆ ರಸ್ತೆ ಎರಡು ಕಡೆ ಹೋಗುತ್ತದೆ. ಮೂಡಕ್ಕೆ ಹಿರಿಯಡ್ಕ, ಹೆಬ್ರಿ, ಮುಂದೆ ಘಟ್ಟ. ಪಡುವಕ್ಕೆ ಇಳಿಜಾರು, ಉಡುಪಿ. ಗೇಟಿನಲ್ಲಿ ಕಾರು ನಿಂತಿತು. ಚಾಲಕ ತಂಡೇಲರ ಮುಖ ನೋಡಿದ. ಅವಳು ನನ್ನ ಕೈ ಹಿಡಿದುಕೊಂಡಿದ್ದಳು, ಬೆರಳುಗಳು ತಣ್ಣಗಿದ್ದವು. ತಂಡೇಲರು ಬೆರಳಿನಿಂದ ಇಳಿಜಾರು ತೋರಿಸಿದರು.

ಉದ್ಯಾವರದಲ್ಲಿ ನನ್ನನ್ನು ಇಳಿಸುವಾಗ ಆತನೂ ಇಳಿದರು. ಕಾರಿನಿಂದ ಸ್ವಲ್ಪ ಈಚೆಗೆ ಬಂದು, ಶಾಲನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಸುತ್ತಿಕೊಂಡರು.

"ಬಾಯಮ್ಮ, ಅವಳು ಕಾಪುವಿನಲ್ಲೇ ಇರಲಿ. ನಾನು ಬೋಟು ಬಿಟ್ಟು ದಡದ ಕೆಲಸಕ್ಕೆ ಬರುತ್ತೇನೆ. ಬಲೆ ನೇಯುವುದು ಉಂಟು."

ಅವಳಿಗೆ ಹೇಳಲೆಂದು ಕಾರಿನ ಕಡೆ ತಿರುಗಿದೆ.

"ಆದರೆ ನೀವು ಇನ್ನು ಬರುವುದು ಬೇಡ."

"ಯಾಕೆ?"

"ಕೋಪ ಮಾಡಿಕೊಳ್ಳಬೇಡಿ. ನೀವು ಕೊಡೆ ಹಿಡಿದು ಬಸ್ಸಿನಿಂದ ಇಳಿದ ಕೂಡಲೇ ಅಂಗಡಿಯವ ಹೇಳುತ್ತಾನೆ, 'ಹುಚ್ಚಿಯ ಬಾಯಮ್ಮ ಬಂದರು' ಅಂತ. ನೀವು ಬರುವಷ್ಟು ಕಾಲ ಆ ಮನೆ ಹುಚ್ಚಿಯ ಮನೆ. ಅವಳು ಅಲ್ಲಿ ಬದುಕಬೇಕಲ್ಲ."

ಅಂಗಡಿಯವನು ಒಳಗೆ ಏನು ಹೇಳುತ್ತಿದ್ದ ಎಂಬುದು ಆಗ ತಿಳಿಯಿತು. ತಂಡೇಲರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಾನು ಕಣ್ಣೊರೆಸಿಕೊಳ್ಳಲಿಲ್ಲ, ಒರೆಸಿಕೊಂಡರೆ ಅವಳಿಗೆ ಕಾರಿನಿಂದ ಕಾಣುತ್ತಿತ್ತು.

"ಹಾಗಾದರೆ ನೀವು ಕಲಿಯಿರಿ" ಎಂದೆ. ರಸ್ತೆಯ ಬದಿಯಲ್ಲೇ ನಿಂತು ಹೇಳಿಕೊಟ್ಟೆ. ದಿನಕ್ಕೊಮ್ಮೆ ಕೈ ಚಾಚಿಸಿ ನೋಡಿ. ನಡಿಗೆ ನೋಡಿ. ವಾಂತಿ, ಭೇದಿ ಆದರೆ ಮಾತ್ರೆ ಕೊಡುವ ಮೊದಲು ಮಣಿಪಾಲಕ್ಕೆ ಬನ್ನಿ. ಹೊತ್ತಿಗೆ ಮಲಗಲಿ. ಮಲ್ಲಿಗೆಗೆ ಹೋಗುವುದು ತಪ್ಪದಿರಲಿ. ಬೆವರಿದರೆ ನೀರು. ಆತ ಸಮುದ್ರದ ಗುರುತುಗಳನ್ನು ಕೇಳಿಕೊಳ್ಳುವವರಂತೆ ಪ್ರತಿಯೊಂದಕ್ಕೂ ತಲೆದೂಗಿ, ತಿರುಗಿ ಹೇಳಿ ಒಪ್ಪಿಸಿದರು. ಒಂದೂ ತಪ್ಪಲಿಲ್ಲ.

"ಮತ್ತೆ ಉಪ್ಪು? ಅವಳಿಗೆ ಎಷ್ಟು ಹಾಕಬೇಕು?"

"ಮನೆಯವರಿಗೆಲ್ಲ ಎಷ್ಟೋ ಅವಳಿಗೂ ಅಷ್ಟೇ."

ಕಾರು ಹೊರಟಿತು. ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಗುರುವಾರ ಬಂಗುಡೆ ತರಿಸ್ತೇನೆ ಬಾಯಮ್ಮ" ಎಂದು ಕೂಗಿದಳು. ನಾನು ಕೈ ಎತ್ತಿದೆ. ಹೂಂ ಎನ್ನಲೂ ಇಲ್ಲ, ಇಲ್ಲ ಎನ್ನಲೂ ಇಲ್ಲ.

ಗುರುವಾರ ಬೆಳಗ್ಗೆ ಅಭ್ಯಾಸದಂತೆ ಸೀರೆ ಉಟ್ಟು ತಯಾರಾಗಿ, ಮತ್ತೆ ಕುರ್ಚಿಯಲ್ಲಿ ಕೂತೆ. ಕೆಲವು ದಿನಗಳ ನಂತರ ಸಿಸ್ಟರು ಹೇಳಿ ಕಳಿಸಿದರು: ಅಜೆಕಾರಿನಲ್ಲಿ ಒಬ್ಬಾಕೆ ಇದ್ದಾಳೆ, ಕೋಣೆಯಿಂದ ಹೊರಗೆ ಬರುವುದಿಲ್ಲವಂತೆ, ನಿನಗೆ ಗುರುವಾರ ಖಾಲಿ ಉಂಟಲ್ಲ. ಉಂಟು ಎಂದೆ. ಅಜೆಕಾರಿಗೆ ಹೋಗಬೇಕೆಂದರೆ ಉಡುಪಿಗೆ ಹೋಗಿ ಕಾರ್ಕಳದ ಕಡೆಯ ಬಸ್ಸು ಹಿಡಿಯಬೇಕು. ಉದ್ಯಾವರದ ನಿಲ್ದಾಣದಲ್ಲಿ ನಾನು ಈಗ ರಸ್ತೆಯ ಆಚೆ ಬದಿಯಲ್ಲಿ ನಿಲ್ಲುತ್ತೇನೆ. ಕಾಪುವಿಗೆ ಹೋಗುವ ಬಸ್ಸು ಈಚೆ ಬದಿಯಲ್ಲಿ ನಿಲ್ಲುತ್ತದೆ, ಕಂಡಕ್ಟರು ಊರಿನ ಹೆಸರು ಕೂಗುತ್ತಾನೆ, ಬಸ್ಸು ಮುಂದೆ ಹೋಗುತ್ತದೆ.